ಮಹಾಪಧಮನಿ, ಕಿಡ್ನಿ ರಕ್ತನಾಳ ಎರಡರಲ್ಲೂ ಉಬ್ಬು: ತೆರೆದ ಶಸ್ತ್ರಚಿಕಿತ್ಸೆಯೋ, ಸ್ಟೆಂಟ್ ಗ್ರಾಫ್ಟೋ?

ಹೊಟ್ಟೆಯ ಮಹಾಪಧಮನಿಯಲ್ಲೂ (ಹೃದಯದಿಂದ ಹೊರಟು ಕೆಳಗಿಳಿಯುವ ಮುಖ್ಯ ರಕ್ತನಾಳ) ಕಿಡ್ನಿಯ ಅಪಧಮನಿಯಲ್ಲೂ ಒಟ್ಟಿಗೆ ಅನ್ಯೂರಿಸಂ, ಅಂದರೆ ರಕ್ತನಾಳದ ಉಬ್ಬು, ಕಾಣಿಸಿಕೊಳ್ಳುವುದು ಅಪರೂಪ. ಮಹಾಪಧಮನಿಯ ಉಬ್ಬು ಪುರುಷರಲ್ಲಿ 5.5, ಮಹಿಳೆಯರಲ್ಲಿ 5 ಸೆಂ.ಮೀ. ಮುಟ್ಟಿದಾಗ, ಕಿಡ್ನಿಯದು 3 ಸೆಂ.ಮೀ. ದಾಟಿದಾಗ ಸಾಮಾನ್ಯವಾಗಿ ಚಿಕಿತ್ಸೆಯ ಮಾತು ಬರುತ್ತದೆ. ಗರ್ಭ ಧರಿಸುವ ವಯಸ್ಸಿನವರಲ್ಲಿ ಕಿಡ್ನಿಯ ಉಬ್ಬು ಅಷ್ಟು ಬೆಳೆಯುವ ತನಕ ಕಾಯುವುದಿಲ್ಲ.

ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆ ಕೊಯ್ದು ಕೃತಕ ನಾಳವನ್ನು ಹೊಲಿಯುತ್ತಾರೆ, ಅದೇ ಸಲಕ್ಕೆ ಕಿಡ್ನಿಯ ನಾಳವನ್ನೂ ಸರಿಪಡಿಸಬಹುದು. ಇದಕ್ಕೆ ಹೃದಯ, ಶ್ವಾಸಕೋಶ ಗಟ್ಟಿಯಾಗಿರಬೇಕು. ಚೇತರಿಕೆಗೆ ವಾರಗಳು ಹಿಡಿಯುತ್ತವೆ.

ಎಂಡೋವ್ಯಾಸ್ಕುಲರ್ ವಿಧಾನದಲ್ಲಿ ತೊಡೆಸಂದಿನ ರಕ್ತನಾಳದ ಮೂಲಕ ಸ್ಟೆಂಟ್ ಗ್ರಾಫ್ಟನ್ನು, ಅಂದರೆ ಲೋಹದ ಜಾಲರಿಗೆ ಬಟ್ಟೆ ಹೊದಿಸಿದ ಕೊಳವೆಯನ್ನು, ಒಯ್ದು ಬಿಡಿಸುತ್ತಾರೆ, ಕಿಡ್ನಿಯ ಉಬ್ಬನ್ನು ಕಾಯಿಲ್ (ಸಣ್ಣ ಲೋಹದ ಸುರುಳಿ) ತುಂಬಿಯೋ ಹೊದಿಕೆಯ ಸ್ಟೆಂಟ್ ಇಟ್ಟೋ ಮುಚ್ಚುತ್ತಾರೆ. ಹೆಚ್ಚಿನವರು ಕೆಲವೇ ದಿನಗಳಲ್ಲಿ ಮನೆ ಸೇರುತ್ತಾರೆ. ಆದರೆ ಕಿಡ್ನಿ ನಾಳಗಳ ಕೆಳಗೆ ಗ್ರಾಫ್ಟ್ ಕಚ್ಚಿಕೊಳ್ಳಲು ಸಾಕಷ್ಟು ಉದ್ದದ ಆರೋಗ್ಯಕರ ಗೋಡೆ ಇರಬೇಕು, ಇಲ್ಲವಾದರೆ ಕಿಡ್ನಿ ನಾಳಗಳಿಗೆ ರಕ್ತ ಹೋಗಲು ರಂಧ್ರವಿರುವ ವಿಶೇಷ ಗ್ರಾಫ್ಟ್ ಬೇಕಾಗಿ ಖರ್ಚು ಏರುತ್ತದೆ. ಆರಂಭದಲ್ಲಿ ಜೀವಾಪಾಯ ಕಡಿಮೆ ಎಂಬ ಲಾಭವೂ ವರ್ಷಗಳು ಕಳೆದಂತೆ ಕರಗುತ್ತದೆ, ಏಕೆಂದರೆ ಗ್ರಾಫ್ಟಿನ ಅಂಚಿನಿಂದ ರಕ್ತ ಸೋರಿ ಉಬ್ಬು ಮತ್ತೆ ಬೆಳೆಯಬಹುದು. ಆದ್ದರಿಂದ ಜೀವನಪೂರ್ತಿ ಸ್ಕ್ಯಾನ್ ತಪ್ಪದು.

ವಯಸ್ಸಾದ, ಹೃದ್ರೋಗವಿರುವ ರೋಗಿಗೆ ನನ್ನ ಒಲವು ಸ್ಟೆಂಟ್ ಕಡೆಗೆ. ಯಾದಗಿರಿಯ ಹಳ್ಳಿಯಿಂದ ಕಲಬುರಗಿಗೋ ಹೈದರಾಬಾದಿಗೋ ತಪ್ಪದೆ ತಪಾಸಣೆಗೆ ಬರಲಾಗದ, ಗಟ್ಟಿಮುಟ್ಟಾದ ಐವತ್ತರ ವ್ಯಕ್ತಿಗೆ ತೆರೆದ ಶಸ್ತ್ರಚಿಕಿತ್ಸೆಯೇ ಮೇಲು. ಸ್ಟೆಂಟ್ ವಿಧಾನದಲ್ಲಿ ಎರಡೂ ಉಬ್ಬುಗಳನ್ನು ಒಂದೇ ಸಲ ಮುಚ್ಚಿದರೆ ಡೈ (ಎಕ್ಸ್-ರೇಯಲ್ಲಿ ರಕ್ತನಾಳ ಕಾಣಲು ಚುಚ್ಚುವ ದ್ರವ) ಹೆಚ್ಚು ಬೇಕು, ಅದು ಕಿಡ್ನಿಗೆ ಹೊರೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಬಸ್ಸಿನಲ್ಲಿ ನೀರು ಕುಡಿಯದೆ ಬಂದವರು ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡಿಸದೆ ಡೈ ಕೊಡಿಸಿಕೊಳ್ಳಬಾರದು.