ಕ್ಯೂಎಮು ಐಒಥ್ರೆಡ್: ಅಡಿಕೆ ಮಂಡಿಯಲ್ಲಿ ಓಡಿಸಿ ನೋಡಿದ್ದು

ಕ್ಯೂಎಮು ಅಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು, ಅಂದರೆ ವರ್ಚುವಲ್ ಮಷೀನನ್ನು, ಓಡಿಸುವ ಸಾಫ್ಟ್‌ವೇರ್. ಆ ಮಷೀನಿಗೆ ಒಂದಕ್ಕಿಂತ ಜಾಸ್ತಿ ಸಿಪಿಯು ಕೊಟ್ಟಿದ್ದೀರಾ? ಡಿಸ್ಕ್ ಕೆಲಸವೂ ಜೋರಿದೆಯಾ? ಹಾಗಿದ್ದರೆ ಐಒಥ್ರೆಡ್ ಹಾಕಿಕೊಳ್ಳಿ, ಅಂದರೆ ಡಿಸ್ಕ್ ಕೆಲಸಕ್ಕೇ ಮೀಸಲಾದ ಥ್ರೆಡ್ (ಪ್ರೋಗ್ರಾಮಿನೊಳಗೆ ತನ್ನಷ್ಟಕ್ಕೆ ನಡೆಯುವ ಕೆಲಸದ ಎಳೆ). ಕ್ಯೂಎಮು ಜೊತೆಗೇ ಬರುತ್ತದೆ, ಬಿಡಿಗಾಸು ಖರ್ಚಿಲ್ಲ.

ನಾನು ಹಾಕಿದ್ದು ಶಿರಸಿಯಲ್ಲಿ, ದೊಡ್ಡಪ್ಪನ ಮಗನ ಅಡಿಕೆ ಮಂಡಿಯಲ್ಲಿ. ಅಲ್ಲಿನ ಹಳೇ ವಿಂಡೋಸ್ ಬಿಲ್ಲಿಂಗ್ ಸಾಫ್ಟ್‌ವೇರ್ ಲಿನಕ್ಸ್ ಮೇಲೆ, ಕೆವಿಎಂ (ವರ್ಚುವಲ್ ಮಷೀನ್ ಓಡಿಸಲು ಲಿನಕ್ಸಿನಲ್ಲೇ ಇರುವ, ಕ್ಯೂಎಮು ಬಳಸಿಕೊಳ್ಳುವ ಸೌಲಭ್ಯ) ಒಳಗೆ ಓಡುತ್ತದೆ. ಬ್ಯಾಕಪ್ ಶುರುವಾದರೆ ಸಾಕು, ರಾಶಿ, ಚಾಲಿ ಅಡಿಕೆಯ ತೂಕ ಬರೆಯುವವರ ಮೌಸ್ ಅಲ್ಲಲ್ಲೇ ನಿಲ್ಲುತ್ತಿತ್ತು.

ಯಾಕೆ ಅಂದರೆ, ಗೆಸ್ಟಿನ (ಒಳಗೆ ಓಡುವ ವರ್ಚುವಲ್ ಮಷೀನಿನ) ಒಂದೊಂದು ಸಿಪಿಯು ಹೊರಗಿನ ಲಿನಕ್ಸಿಗೆ ಒಂದೊಂದು ಥ್ರೆಡ್. ಅದು ಡಿಸ್ಕಿನಂಥ ಡಿವೈಸಿನ ರಿಜಿಸ್ಟರ್ (ಡಿವೈಸಿಗೆ ಆಜ್ಞೆ ಕೊಡುವ ಜಾಗ) ಮುಟ್ಟಿದ ಕೂಡಲೇ ಕೆವಿಎಂ ಕೆಲಸವನ್ನು ಕ್ಯೂಎಮು ಕೈಗೆ ಒಪ್ಪಿಸುತ್ತದೆ. ಎರಡು ಥ್ರೆಡ್ ಒಟ್ಟಿಗೇ ಕೈಹಾಕಿದರೆ ಡಿವೈಸಿನ ಲೆಕ್ಕವೇ ಕೆಡುತ್ತದೆ. ಅದಕ್ಕೇ ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಬಿಡುವ, ಬಿಕ್ಯೂಎಲ್ ಅನ್ನೋ ದೊಡ್ಡ ಲಾಕ್ ಇರುವುದು. ತುಂಬಿದ ಮನೆಗೆ ಒಂದೇ ಬಚ್ಚಲು ಇದ್ದ ಹಾಗೆ. ಐಡಿಇ (ಹಳೇ ಮಾದರಿಯ) ಡಿಸ್ಕ್, ಪರದೆ, ಮೌಸ್, ಎಲ್ಲವೂ ಸಾಲಲ್ಲಿ ನಿಲ್ಲಬೇಕು.

ವರ್ಟ್‌ಐಒ (ವರ್ಚುವಲ್ ಮಷೀನಿಗೆಂದೇ ಮಾಡಿದ ಮಾದರಿಯ) ಡಿಸ್ಕಿಗೆ ಐಒಥ್ರೆಡ್ ಕೊಟ್ಟರೆ ಅದರ ಕ್ಯೂ (ಓದು-ಬರಹದ ಕೋರಿಕೆಗಳ ಸಾಲು) ಬೇರೆ ಥ್ರೆಡ್ಡಿನಲ್ಲಿ, ಈ ಲಾಕಿಗೆ ಕಾಯದೆ ನಡೆಯುತ್ತದೆ. ಮೆಮೊರಿ ನಕ್ಷೆ (ಯಾವ ವಿಳಾಸದಲ್ಲಿ ಏನಿದೆ ಅನ್ನೋ ಪಟ್ಟಿ) ಲಾಕಿಲ್ಲದೆ ಓದಲು ಆರ್‌ಸಿಯು ಅನ್ನೋ ವಿಧಾನ ಇದೆ: ನಡುವೆ ಯಾವುದೋ ಡಿವೈಸ್ ಕಿತ್ತರೂ, ಓದುತ್ತಿರುವವರು ಮುಗಿಸುವ ತನಕ ಹಳೇ ನಕ್ಷೆ ಅಳಿಯುವುದಿಲ್ಲ. ನನಗೆ ತುಂಬ ಹಿಡಿಸಿದ್ದು ಇದೇ. ಆದರೆ ಗೆಸ್ಟಿನ ರ್‍ಯಾಮಿಗೆ ಮಾತ್ರ ಯಾವ ಲಾಕೂ ಇಲ್ಲ. ಒಂದು ಬಫರಿನ (ಡೇಟಾ ಇಡುವ ಜಾಗದ) ಉದ್ದ ಸರಿಯಿದೆ ಅಂತ ನೋಡಿ, ಮತ್ತೆ ಓದುವಷ್ಟರಲ್ಲಿ ಗೆಸ್ಟ್ ಅದನ್ನು ಬದಲಿಸಿಬಿಡಬಹುದು. ಹಾಗಾಗಿ ಡಿವೈಸ್ ಕೋಡ್ ಒಮ್ಮೆ ನಕಲು ಮಾಡಿಕೊಂಡು ಆ ನಕಲನ್ನೇ ಪರೀಕ್ಷಿಸಬೇಕು, ಅದನ್ನೇ ಬಳಸಬೇಕು. ಇದು ಕೋಡ್ ಬರೆಯುವವರ ತಲೆನೋವು, ನಮ್ಮದಲ್ಲ ಬಿಡಿ.

ಕ್ಯೂಎಮುವಿನ 2024ರ 9.0 ಆವೃತ್ತಿಯಿಂದ ಒಂದೇ ಡಿಸ್ಕಿನ ಬೇರೆ ಬೇರೆ ಕ್ಯೂಗಳಿಗೆ ಬೇರೆ ಬೇರೆ ಐಒಥ್ರೆಡ್ ಕೊಡಬಹುದು. ಮಂಡಿಗೆ ಅಷ್ಟೆಲ್ಲ ಯಾಕೆ, ಒಂದೇ ಸಾಕಾಯಿತು.

ಕಿರಿಕಿರಿಯೂ ಇದೆ. ವಿಂಡೋಸಿನಲ್ಲಿ ವರ್ಟ್‌ಐಒ ಡ್ರೈವರ್ ಇರುವುದಿಲ್ಲ. ಅದನ್ನು ಮೊದಲು ಹಾಕದೆ ಡಿಸ್ಕನ್ನು ಐಡಿಇಯಿಂದ ವರ್ಟ್‌ಐಒಗೆ ಬದಲಿಸಿದರೆ ಬೂಟೇ ಆಗುವುದಿಲ್ಲ. ಐಡಿಇ ಇಟ್ಟುಕೊಂಡೇ ಐಒಥ್ರೆಡ್ ಬೇಕು ಅಂದರೆ ಆಗದ ಮಾತು. ಮೇಲಿಂದ ವರ್ಚುವಲ್ ಮಷೀನಿನ ಸೆಟ್ಟಿಂಗ್ ಇರುವ ಎಕ್ಸ್‌ಎಂಎಲ್ ಫೈಲ್ ಬೇರೆ ತಿದ್ದಬೇಕು.

ಈಗ ಬ್ಯಾಕಪ್ ನಡೆಯುವಾಗಲೂ ಬಿಲ್ ಹೊಡೆಯಬಹುದು. "ಅಡ್ಡಿಲ್ಲೆ ತಮಾ" ಅಂದ ಅಣ್ಣ. ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಆ ಡ್ರೈವರ್ ಸರ್ಕಸ್ಸಿಗೆ.