ಔಟ್‌ಲುಕ್ ಎಕ್ಸ್‌ಪ್ರೆಸ್ 6: ಮೇಲ್‌ಗೆ ಒಳ್ಳೆಯದೇ, ತಾನಾಗಿ ಡಯಲ್ ಮಾಡುವ ಚಾಳಿ ಬಿಡಿಸಿದರೆ

ಹಳೆಯ ವಿಂಡೋಸ್ ಎಕ್ಸ್‌ಪಿ ಜೊತೆ ಪುಕ್ಕಟೆ ಬರುತ್ತಿದ್ದ ಈ ಇಮೇಲ್ ಪ್ರೋಗ್ರಾಂ ಡಯಲ್‌ಅಪ್‌ನವರಿಗೆ, ಅಂದರೆ ಫೋನ್ ಲೈನಿನಿಂದ ಡಯಲ್ ಮಾಡಿ ನೆಟ್ ಪಡೆಯುತ್ತಿದ್ದವರಿಗೆ, ಹೇಳಿ ಮಾಡಿಸಿದ್ದಾಗಿತ್ತು. ಮೇಲ್ ಇಳಿಸಿಕೊಂಡು, ಲೈನ್ ಕಟ್ ಮಾಡಿ, ನಿಧಾನಕ್ಕೆ ಓದಬಹುದು. ಆದರೆ ಬಂದ ಹಾಗೇ ಬಳಸಿದರೆ ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಅನ್ನು ಹೇಳದೆ ಕೇಳದೆ ಎಬ್ಬಿಸುತ್ತದೆ. ಕೊಡಗಿನ ಸೋಮವಾರಪೇಟೆ, ಪೊನ್ನಂಪೇಟೆ ಕಡೆಯ ತೋಟದ ಮನೆಗಳಲ್ಲಿ ಆಗ ಫೋನಿಗೂ ನೆಟ್ಟಿಗೂ ಒಂದೇ ಲೈನಿತ್ತು. ಮೋಡೆಮ್ ಅದನ್ನು ಹಿಡಿದು ಕೂತರೆ ಕಾಫಿ ವ್ಯಾಪಾರಿಗೆ ಕೇಳುತ್ತಿದ್ದದ್ದು ಎಂಗೇಜ್ ಟೋನ್, ಮನೆಗೆ ಬರುತ್ತಿದ್ದದ್ದು ಬಿಲ್ಲು.

ಮೊದಲು ಟೂಲ್ಸ್, ಆಪ್ಷನ್ಸ್, ಜನರಲ್. 'ಸೆಂಡ್ ಆ್ಯಂಡ್ ರಿಸೀವ್ ಮೆಸೇಜಸ್ ಅಟ್ ಸ್ಟಾರ್ಟಪ್' ಎದುರಿನ ಟಿಕ್ ತೆಗೆಯಿರಿ. ಇಷ್ಟಿಷ್ಟು ನಿಮಿಷಕ್ಕೊಮ್ಮೆ ಹೊಸ ಮೇಲ್ ನೋಡು ಎನ್ನುವ ಟಿಕ್ ಕೂಡ ಬೇಡ. ಅದರ ಕೆಳಗಿನ ಪಟ್ಟಿಯಲ್ಲಿ 'ಡು ನಾಟ್ ಕನೆಕ್ಟ್' ಇರಲಿ. ಸೆಂಡ್ ಟ್ಯಾಬ್‌ನಲ್ಲಿ 'ಸೆಂಡ್ ಮೆಸೇಜಸ್ ಇಮಿಡಿಯೆಟ್ಲಿ' ತೆಗೆದರೆ ಬರೆದ ಪತ್ರಗಳೆಲ್ಲ ಔಟ್‌ಬಾಕ್ಸ್‌ನಲ್ಲಿ ಕಾಯುತ್ತವೆ. ಒಂದೇ ಕರೆಯಲ್ಲಿ ಎಲ್ಲವೂ ಹೋಗುತ್ತವೆ. ಕನೆಕ್ಷನ್ ಟ್ಯಾಬ್‌ನಲ್ಲಿ ಮಾತ್ರ ಒಂದು ಟಿಕ್ ಹಾಕಬೇಕು: 'ಹ್ಯಾಂಗ್ ಅಪ್ ಆಫ್ಟರ್ ಸೆಂಡಿಂಗ್ ಆ್ಯಂಡ್ ರಿಸೀವಿಂಗ್'.

ಇಷ್ಟಾದರೂ ಹಳೇ ಮೇಲ್ ಒಂದನ್ನು ಕ್ಲಿಕ್ ಮಾಡಿದ ಕೂಡಲೇ ಡಯಲ್ ಕಿಟಕಿ ಮೇಲೇಳುವುದುಂಟು. ತಪ್ಪು ಅಕೌಂಟಿನದಲ್ಲ. ಜಾಹೀರಾತು ಮೇಲ್‌ನ ಚಿತ್ರ ಮೇಲ್‌ನೊಳಗೆ ಇರುವುದಿಲ್ಲ, ದೂರದ ಸರ್ವರ್‌ನಲ್ಲಿರುತ್ತದೆ. ಆರಿಸಿದ ಮೇಲ್ ತೋರಿಸುವ ಭಾಗವಾದ ಪ್ರಿವ್ಯೂ ಪೇನ್ ಅದನ್ನು ತರಲು ಹೊರಡುತ್ತದೆ. ಎಕ್ಸ್‌ಪಿಯ ಅಪ್‌ಡೇಟ್ ಆದ ಸರ್ವಿಸ್ ಪ್ಯಾಕ್ 2 ಹಾಕಿದ್ದರೆ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಚಿತ್ರ ತಡೆಯುವ ಆಯ್ಕೆ ಸಿಗುತ್ತದೆ. ಇಲ್ಲದಿದ್ದರೆ ವ್ಯೂ, ಲೇಔಟ್‌ಗೆ ಹೋಗಿ ಪ್ರಿವ್ಯೂ ಪೇನ್ ಮುಚ್ಚಿ, ಫೈಲ್ ಮೆನುವಿನ 'ವರ್ಕ್ ಆಫ್‌ಲೈನ್' ಒತ್ತಿಯೇ ಓದಿ. ಬಹಳ ಜನ ಎಡವುವುದು ಇಲ್ಲೇ.

ಉಳಿದದ್ದು ವಿಂಡೋಸ್‌ನ ಪಾಲು. ಇಂಟರ್‌ನೆಟ್ ಆಪ್ಷನ್ಸ್, ಕನೆಕ್ಷನ್ಸ್‌ನಲ್ಲಿ 'ನೆವರ್ ಡಯಲ್ ಎ ಕನೆಕ್ಷನ್' ಆರಿಸಿ. ಆಮೇಲೆ ಬೇಕೆಂದಾಗ ಕನೆಕ್ಷನ್ ಐಕಾನ್ ನೀವೇ ಒತ್ತಬೇಕು, ಅದೊಂದು ಕಿರಿಕಿರಿ ಇದ್ದದ್ದೇ. ಡಯಲ್ ಕಿಟಕಿಯ 'ಕನೆಕ್ಟ್ ಆಟೊಮ್ಯಾಟಿಕಲಿ'ಯಲ್ಲಿ ಟಿಕ್ ಇರಬಾರದು. ಎಕ್ಸ್‌ಪಿಯ ಚಾಟ್ ಪ್ರೋಗ್ರಾಂ ವಿಂಡೋಸ್ ಮೆಸೆಂಜರ್ ತಾನಾಗಿ ಲಾಗಿನ್ ಆಗದಂತೆಯೂ ಮಾಡಿ.

ಮಳೆಗಾಲಕ್ಕೆ ಇನ್ನೊಂದು. ಜೂನ್ ಹಿಡಿದರೆ ನಮ್ಮಲ್ಲಿ ಲೈನು ಗರಗರ ಅನ್ನುತ್ತಿತ್ತು, ಸಂಪರ್ಕ ನಡುವೆ ಕಡಿಯುತ್ತಿತ್ತು. ಕನೆಕ್ಷನ್ ಪ್ರಾಪರ್ಟೀಸ್‌ನ ಆಪ್ಷನ್ಸ್‌ನಲ್ಲಿ 'ರೀಡಯಲ್ ಇಫ್ ಲೈನ್ ಈಸ್ ಡ್ರಾಪ್ಡ್' ಇದ್ದರೆ ಕಡಿದಾಗಲೆಲ್ಲ ಹೊಸ ಕರೆ, ಹೊಸ ಚಾರ್ಜು. ಅದನ್ನು ತೆಗೆದು, ಸುಮ್ಮನಿದ್ದರೆ 5 ನಿಮಿಷಕ್ಕೆ ಕಡಿಯುವಂತೆ ಅಲ್ಲೇ ಹೊಂದಿಸಿ.

ಐದಕ್ಕೆ ಮೂರು ಅಂಕ. ಒಂದೇ ಚಾಳಿ ಬಿಡಿಸಲು ಇಷ್ಟು ಕಡೆ ಅಲೆಸುವುದಕ್ಕೇ ಎರಡು ಕಳೆದದ್ದು.