ವರ್ಷಕ್ಕೆ 6 ಲಕ್ಷ ಎಂದು ಬರೆದುಕೊಟ್ಟವರು ತಿಂಗಳಿಗೆ ಕೊಟ್ಟದ್ದು 29,667

ಫೈನಾನ್ಸ್‌ನಲ್ಲಿ ಎಂಬಿಎ ಮುಗಿಸಿ ಮೊದಲ ಆಫರ್ ಲೆಟರ್ ಕೈಯಲ್ಲಿ ಹಿಡಿದಿರುವ ನಮ್ಮ ಕೊಡಗು ಜಿಲ್ಲೆಯವರು ಸಹಿ ಹಾಕುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. 2023ರ ಜುಲೈನಲ್ಲಿ ಖಾಸಗಿ ಹಣಕಾಸು ಸಂಸ್ಥೆಯೊಂದರ ಕುಶಾಲನಗರ ಶಾಖೆಗೆ ಸೇರಿದಾಗ ನನ್ನ ಪತ್ರದಲ್ಲಿ ದಪ್ಪಕ್ಷರದಲ್ಲಿದ್ದ ಸಿಟಿಸಿ (ನನಗಾಗಿ ಸಂಸ್ಥೆಗೆ ವರ್ಷಕ್ಕೆ ತಗಲುವ ಒಟ್ಟು ವೆಚ್ಚ) 6,00,000 ರೂಪಾಯಿ. ಅದರೊಳಗೆ ಗುರಿ ಮುಟ್ಟಿದರೆ ಮಾತ್ರ ಸಿಗುವ ವೇರಿಯಬಲ್ ಪೇ 1,20,000, 60,000 ಜಾಯಿನಿಂಗ್ ಬೋನಸ್, ಸಂಸ್ಥೆಯ ಪಾಲಿನ ಪಿಎಫ್, ಐದು ವರ್ಷ ದುಡಿದವರಿಗೆ ಸಿಗುವ ಗ್ರಾಚ್ಯುಟಿ ಮತ್ತು ವಿಮೆಯ ಕಂತು ಸೇರಿ ಇನ್ನೊಂದು 40,000. ಉಳಿದದ್ದನ್ನು ಹನ್ನೆರಡು ತಿಂಗಳಿಗೆ ಹಂಚಿ, ನನ್ನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 29,667. ಮೂಲ ವೇತನವನ್ನು 22,000ಕ್ಕೆ ನಿಲ್ಲಿಸಿದ್ದರ ಮರ್ಮ ಆಮೇಲೆ ತಿಳಿಯಿತು: 21,000 ದಾಟಿದವರಿಗೆ ಆಗ ಜಾರಿಯಲ್ಲಿದ್ದ 1965ರ ಬೋನಸ್ ಪಾವತಿ ಕಾಯ್ದೆಯ ಶೇ. 8.33ರ ಕನಿಷ್ಠ ಬೋನಸ್ ಅನ್ವಯಿಸುತ್ತಿರಲಿಲ್ಲ.

ಇಷ್ಟು ಎಲ್ಲ ಕಡೆಯೂ ಇರುವುದೇ, ಇರಲಿ. ನನ್ನ ಸಿಟ್ಟು ಆ 1,20,000ದ ಮೇಲೆ. ಅದು ಸಿಗಬೇಕಾದರೆ ಮಾರ್ಚ್ 31ರಂದು ಶಾಖೆಯ ಚಿನ್ನದ ಸಾಲದ ಬಾಕಿ (ಗ್ರಾಹಕರು ಇನ್ನೂ ತೀರಿಸದೆ ಉಳಿಸಿಕೊಂಡ ಸಾಲದ ಮೊತ್ತ) ಗುರಿಯ ಶೇ. 80ನ್ನು ದಾಟಿರಬೇಕಂತೆ. ಮಳೆಗಾಲದಲ್ಲಿ ಅಡವಿಟ್ಟ ಒಡವೆಯನ್ನು ಕಾಫಿ ಮಾರಿದ ಹಣ ಬಂದ ಕೂಡಲೇ ಬಿಡಿಸಿಕೊಳ್ಳುವುದು ನಮ್ಮ ಬೆಳೆಗಾರರ ರೂಢಿ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಕೌಂಟರಿನ ಮುಂದೆ ಸಾಲಾಗಿ ನಿಂತವರೆಲ್ಲ ರಸೀದಿ ಹಿಡಿದು ಬಳೆ, ಸರ ವಾಪಸ್ ಪಡೆಯಲು ಬಂದವರೇ. ಒಡವೆಯ ಪೊಟ್ಟಣವನ್ನು ನಾನೇ ಬಿಚ್ಚಿ, ತೂಗಿ ತೋರಿಸಿ, ಸಹಿ ಮಾಡಿಸಿ ಕೊಡುತ್ತಿದ್ದೆ. ಒಂದೊಂದು ಪೊಟ್ಟಣ ಹೋದಂತೆಯೂ ನನ್ನದೇ ವೇರಿಯಬಲ್ ಹೋಗುತ್ತಿತ್ತೆಂಬುದು ಯಾರೂ ಹೇಳದ ಸಂಗತಿ. ಬಂದದ್ದು ಸೊನ್ನೆ. ಪೂರಾ ಸೊನ್ನೆ.

ಎಚ್‌ಆರ್‌ಗೆ ಫೋನ್ ಮಾಡಿದರೆ, “ನಿಯಮವೆಲ್ಲ ಪೋರ್ಟಲ್‌ನಲ್ಲಿದೆಯಲ್ಲ, ನೋಡಿಕೊಳ್ಳಬೇಕಿತ್ತು” ಎಂದರು. ಆ ಪೋರ್ಟಲ್ ತೆರೆಯುವುದು ಕೆಲಸಕ್ಕೆ ಸೇರಿ ನೌಕರರ ಸಂಖ್ಯೆ ಸಿಕ್ಕ ಮೇಲೆ! ಸಹಿ ಹಾಕುವವನಿಗೆ ಕೊಟ್ಟ ಪತ್ರದಲ್ಲಿ ಇದ್ದದ್ದು “ಸಂಸ್ಥೆಯ ನೀತಿಗೆ ಒಳಪಟ್ಟು” ಎಂಬ ಒಂದೇ ಸಾಲು. ಎಲ್ಲರಿಗೂ ಪೂರ್ತಿ ಸಿಗುತ್ತದೆಂದು ಕ್ಯಾಂಪಸ್ ಸಂದರ್ಶನದಲ್ಲಿ ಹೇಳಿದ್ದರಲ್ಲ ಎಂದರೆ, “ಆಗ ಮಾತಾಡಿದವರು ಈಗ ನಮ್ಮಲ್ಲಿಲ್ಲ ಸರ್” ಎಂಬ ಉತ್ತರ. ಆ ಹಣದಿಂದ ಶಿಕ್ಷಣ ಸಾಲ ಇಳಿಸುತ್ತೇನೆಂದು ಅಪ್ಪನಿಗೆ ಹೇಳಿದ್ದೆ. ನೆಂಟರು ಇಂದಿಗೂ ನನಗೆ ತಿಂಗಳಿಗೆ 50,000 ಬರುತ್ತಿತ್ತೆಂದೇ ನಂಬಿದ್ದಾರೆ.

ರಾಜೀನಾಮೆ ಕೊಟ್ಟಾಗ ಮತ್ತೊಂದು ಪೆಟ್ಟು: ಎರಡು ವರ್ಷ ತುಂಬದ ಕಾರಣ ಜಾಯಿನಿಂಗ್ ಬೋನಸ್ ಪೂರ್ತಿ ಮರಳಿಸಬೇಕು, ಅಲ್ಲಿಯವರೆಗೆ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಇಲ್ಲ.

ಸಿಟಿಸಿಯ ಮಾತು ಬಿಟ್ಟು ತಿಂಗಳಿಗೆ ಕೈಗೆಷ್ಟು ಬರುತ್ತದೆಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ವೇರಿಯಬಲ್ ನಿಯಮದ ಪ್ರತಿಯನ್ನು ಸಹಿಗೆ ಮೊದಲೇ ಕೇಳಿ. ಸೇರಿದ ಮೇಲೆ ಕೊಡುತ್ತೇವೆಂದರೆ ಆ ಹಣವನ್ನು ಲೆಕ್ಕದಿಂದಲೇ ತೆಗೆದುಬಿಡಿ. ಕೊಡಗಿನ ಶಾಖೆಯಾದರೆ ಗುರಿಯನ್ನು ಯಾವ ತಿಂಗಳಲ್ಲಿ ಅಳೆಯುತ್ತಾರೆಂದೂ ಕೇಳಿ.